ಹಾಲಿನ ಗಾಡಿಯಲ್ಲಿ ಕ್ಯಾನ್ಸರ್ ಮದ್ದು

ಕ್ಯಾನ್ಸರ್‌ಗೆ ಔಷಧಿ ಕಂಡುಹಿಡಿಯೋದು ಒಂದು ಕಷ್ಟ. ಅದನ್ನು ದೇಹದೊಳಗೆ ಸರಿಯಾದ ಜಾಗಕ್ಕೆ ತಲುಪಿಸೋದು ಇನ್ನೊಂದು ಕಷ್ಟ. ನಮ್ಮ ಐಟಿ ಭಾಷೆಯಲ್ಲಿ ಹೇಳೋದಾದ್ರೆ, ಕೋಡ್ ಚೆನ್ನಾಗೇ ಇದೆ, ಡಿಪ್ಲಾಯ್ ಮಾಡೋದ್ರಲ್ಲೇ ತೊಂದರೆ.

ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಔಷಧಿಯನ್ನೇ ತಗೊಳ್ಳಿ. ಅಮೆರಿಕದ ಪೆಸಿಫಿಕ್ ಯೂ ಮರದ ತೊಗಟೆಯಲ್ಲಿ ಸಿಕ್ಕ ಇದರ ರಚನೆಯನ್ನು ಮನ್ರೋ ವಾಲ್ ಮತ್ತು ಭಾರತ ಮೂಲದ ಮನ್ಸುಖ್ ವಾನಿ ಅವರ ತಂಡ 1971ರಲ್ಲಿ ಪ್ರಕಟಿಸಿತು. 1992ರಲ್ಲಿ ಅಂಡಾಶಯದ ಕ್ಯಾನ್ಸರ್‌ಗೆ ಬಳಸೋಕೆ ಅಲ್ಲಿ ಅನುಮತಿ ಸಿಕ್ತು. ಇವತ್ತು ಸ್ತನ ಮತ್ತು ಶ್ವಾಸಕೋಶದ ಕ್ಯಾನ್ಸರ್‌ಗೂ ಕೊಡ್ತಾರೆ. ಆದರೆ ಇದು ನೀರಿನಲ್ಲಿ ಕರಗೋದು ಇಲ್ಲವೇ ಇಲ್ಲ ಅನ್ನೋವಷ್ಟು ಕಡಿಮೆ. ಹಾಗಾಗಿ ಹರಳೆಣ್ಣೆಯಿಂದ ತಯಾರಾದ ಒಂದು ದ್ರಾವಕ ಮತ್ತು ಆಲ್ಕೋಹಾಲ್‌ನಲ್ಲಿ ಕರಗಿಸಿ ಡ್ರಿಪ್ ಹಾಕ್ತಾರೆ. ಆ ದ್ರಾವಕವೇ ಕೆಲವರಿಗೆ ಜೋರಾದ ಅಲರ್ಜಿ ತರುತ್ತೆ.

ಹೋದ ವರ್ಷ ನಮ್ಮ ಚಿಕ್ಕಮ್ಮನಿಗೆ ಇದೇ ಔಷಧಿ ನಡೀತಿತ್ತು. ಮೊದಲು ಸ್ಟೀರಾಯ್ಡ್, ಅಲರ್ಜಿ ತಡೆಯೋ ಇಂಜೆಕ್ಷನ್, ಆಮೇಲೆ ಮೂರು ಗಂಟೆ ಡ್ರಿಪ್. "ಇದನ್ನೇ ಮಾತ್ರೆ ಮಾಡಿ ಕೊಟ್ರೆ ಏನಾಗುತ್ತೋ ಇವರಿಗೆ?" ಅಂತ ಕೇಳಿದ್ರು. ಪ್ರಶ್ನೆ ಸರಿಯಾಗೇ ಇತ್ತು.

ಮಾತ್ರೆಗೆ ಅಡ್ಡಿ ಇರೋದು ಕರುಳಿನಲ್ಲಿ. ಕರುಳಿನ ಗೋಡೆಯ ಜೀವಕೋಶಗಳಲ್ಲಿ ಪಂಪ್‌ನಂತೆ ಕೆಲಸ ಮಾಡೋ ಒಂದು ಪ್ರೋಟೀನ್ ಇದೆ. ಒಳಗೆ ಬಂದ ಪ್ಯಾಕ್ಲಿಟ್ಯಾಕ್ಸೆಲನ್ನು ಅದು ಮತ್ತೆ ಹೊರಗೆ ತಳ್ಳುತ್ತೆ. ತಪ್ಪಿಸಿಕೊಂಡು ಹೋದದ್ದನ್ನು ಲಿವರ್ ಒಡೆದು ಹಾಕುತ್ತೆ. ಕೊನೆಗೆ ರಕ್ತಕ್ಕೆ ಸೇರೋದು ತೀರಾ ಸ್ವಲ್ಪ. 2005ರಲ್ಲಿ ಇದೇ ಔಷಧಿಯನ್ನು ಆಲ್ಬುಮಿನ್ ಅನ್ನೋ ರಕ್ತದ ಪ್ರೋಟೀನ್ ಜೊತೆ ಸೇರಿಸಿದ ನ್ಯಾನೋ ರೂಪಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ತು. ದ್ರಾವಕದ ಕಾಟ ತಪ್ಪಿತು, ಡ್ರಿಪ್ ಮಾತ್ರ ತಪ್ಪಲಿಲ್ಲ.

ಹಾಲು ಬರೋದು ಇಲ್ಲಿ. ಹಾಲಿನಲ್ಲಿ ಎಕ್ಸೋಸೋಮ್ ಅನ್ನೋ ಪುಟ್ಟ ಚೀಲಗಳಿವೆ. ಗಾತ್ರ ಸುಮಾರು 30ರಿಂದ 150 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದ್ರೆ ಒಂದು ನ್ಯಾನೋಮೀಟರ್. ಜೀವಕೋಶಗಳು ಪ್ರೋಟೀನ್, ಆರ್‌ಎನ್‌ಎ ತುಂಬಿ ಹೊರಗೆ ಬಿಡೋ ಪಾರ್ಸೆಲ್‌ಗಳಿವು. ಇವುಗಳ ಪೊರೆ ಕೊಬ್ಬಿನದ್ದು, ಹಾಗಾಗಿ ನೀರಿಗೆ ಒಗ್ಗದ ಔಷಧಿ ಅಲ್ಲಿ ಆರಾಮಾಗಿ ಕೂರುತ್ತೆ. ಜಠರದಂಥ ಆಮ್ಲದಲ್ಲೂ ಇವು ಬೇಗ ಕೆಡಲ್ಲ. ಲ್ಯಾಬ್‌ನಲ್ಲಿ ಜೀವಕೋಶ ಬೆಳೆಸಿ ಇಂಥ ಚೀಲ ತೆಗೆಯೋದು ದುಬಾರಿ; ಹಸುವಿನ ಹಾಲಿನಲ್ಲಿ ಧಾರಾಳವಾಗಿ ಸಿಗುತ್ತೆ.

ಅಮೆರಿಕದ ಲೂಯಿವಿಲ್ ವಿಶ್ವವಿದ್ಯಾಲಯದಲ್ಲಿ ರಮೇಶ್ ಗುಪ್ತಾ ಅವರ ತಂಡ 2016ರಲ್ಲಿ ಈ ಚೀಲಗಳಿಗೆ ಪ್ಯಾಕ್ಲಿಟ್ಯಾಕ್ಸೆಲ್, ಅರಿಶಿನದ ಕರ್ಕ್ಯುಮಿನ್, ಅಶ್ವಗಂಧದ ವಿಥಾಫೆರಿನ್ ಇತ್ಯಾದಿಗಳನ್ನು ತುಂಬಿ ತೋರಿಸಿತು. 2017ರಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ತುಂಬಿದ ಚೀಲಗಳನ್ನು, ಮನುಷ್ಯರ ಶ್ವಾಸಕೋಶದ ಗಡ್ಡೆ ಬೆಳೆಸಿದ್ದ ಇಲಿಗಳಿಗೆ ಬಾಯಿಯ ಮೂಲಕ ಕೊಟ್ಟರು. ಗಡ್ಡೆಯ ಬೆಳವಣಿಗೆ ಗಮನಾರ್ಹವಾಗಿ ತಗ್ಗಿತು, ಅಡ್ಡಪರಿಣಾಮವೂ ಕಡಿಮೆಯಿತ್ತು.

ಇಲಿಯಿಂದ ಮನುಷ್ಯರವರೆಗಿನ ದಾರಿ ಉದ್ದ. ಹಸುವಿಂದ ಹಸುವಿಗೆ ಹಾಲು ಬೇರೆ, ಆದರೆ ಔಷಧಿಯ ಪ್ರತಿ ಬ್ಯಾಚ್ ಒಂದೇ ಥರ ಇರಬೇಕು. ಚೀಲಗಳನ್ನು ಬೇರ್ಪಡಿಸೋಕೆ ಸಾಮಾನ್ಯವಾಗಿ ಗುರುತ್ವಾಕರ್ಷಣೆಯ ಲಕ್ಷ ಪಟ್ಟು ಬಲದಲ್ಲಿ ಹಾಲನ್ನು ತಿರುಗಿಸ್ತಾರೆ. ಕಾರ್ಖಾನೆ ಮಟ್ಟದಲ್ಲಿ ಅದು ಸುಲಭ ಅಲ್ಲ. ಹಾಲಿನ ಅಲರ್ಜಿ ಇರೋರ ಬಗ್ಗೆಯೂ ಯೋಚಿಸಬೇಕು.

ಇಷ್ಟು ಹೇಳಿದ ಮೇಲೆ ನಿಮ್ಮ ಹತ್ರ ಒಂದು ವಿನಂತಿ. "ಹಾಲಿಗೆ ಅಶ್ವಗಂಧ ಹಾಕಿ ಕುಡಿದ್ರೆ ಕ್ಯಾನ್ಸರ್ ಮಾಯ" ಅನ್ನೋ ಮೆಸೇಜ್ ಫ್ಯಾಮಿಲಿ ಗ್ರೂಪ್‌ಗೆ ಬಂದರೆ ಸುಮ್ಮನಿರಬೇಡಿ. ಈ ಸಂಶೋಧನೆಯಲ್ಲಿ ಹಾಲು ಮದ್ದಲ್ಲ, ಮದ್ದು ಹೊರೋ ಗಾಡಿ. ಲೋಟದ ಹಾಲಿಗೆ ಪುಡಿ ಕದಡಿದ್ರೆ ಆ ಗಾಡಿ ಲೋಡ್ ಆಗಲ್ಲ. ಇಂಥ ಮೆಸೇಜ್ ನಂಬಿ ಒಬ್ಬರು ಕೀಮೋ ಬಿಟ್ಟರೂ ಹೋದ ದಿನಗಳು ವಾಪಸ್ ಬರಲ್ಲ.

ಮುಂದೊಂದು ದಿನ ಈ ಗಾಡಿ ನಿಜಕ್ಕೂ ಓಡಿದರೆ, ಒಂದು ಡೋಸ್‌ಗಾಗಿ ದಿನದ ಕೂಲಿ ಬಿಟ್ಟು, ಜೊತೆಗೊಬ್ಬರನ್ನು ಕರ್ಕೊಂಡು, ಊರಿಂದ ಬಸ್ ಹತ್ತಿ ದೊಡ್ಡಾಸ್ಪತ್ರೆಗೆ ಬರೋರಿಗೆ ಎಷ್ಟೋ ಓಡಾಟ ಉಳಿಯುತ್ತೆ. ಅಲ್ಲಿಯವರೆಗೆ ಡ್ರಿಪ್‌ನ ದಿನ ತಪ್ಪಿಸದ ಹಾಗೆ ಅವರ ಜೊತೆ ಹೋಗೋ ಕೆಲಸ ನಮ್ಮದು.