ಎಸ್‌ಎಂಪಿಎಸ್ ಸುಟ್ಟರೆ ಇಡೀ ಕಂಪ್ಯೂಟರ್ ಯಾಕೆ ಬದಲಿಸಬೇಕು?

ಮಳೆಗಾಲದ ಒಂದು ಸಂಜೆ, ಹೋಗಿದ್ದ ಕರೆಂಟು ವಾಪಸ್ ಬಂದ ಕೂಡಲೇ ನಮ್ಮ ಚಿಕ್ಕಪ್ಪನ ಝೆರಾಕ್ಸ್ ಅಂಗಡಿಯ ಕಂಪ್ಯೂಟರ್ 'ಟಪ್' ಅಂದಿತು. ಅಂಗಡಿ ತುಂಬಾ ಸುಟ್ಟ ವಾಸನೆ. ಮಾರನೇ ದಿನ ತಾಲ್ಲೂಕಿನ ರಿಪೇರಿ ಅಂಗಡಿಗೆ ಹೊತ್ತೊಯ್ದರೆ, ಅವರು ಮುಚ್ಚಳವನ್ನೂ ಬಿಚ್ಚದೆ, "ಬೋರ್ಡ್ ಸಮೇತ ಹೋಗಿದೆ, ಹೊಸದೇ ತಗೊಳ್ಳಿ" ಅಂದರು. ಚಿಕ್ಕಪ್ಪ ಸಾಲಕ್ಕೆ ಓಡಾಡತೊಡಗಿದರು. ಯಾಕೋ ಮನಸ್ಸು ತಡೆಯದೆ ಇನ್ನೊಬ್ಬರಿಗೆ ತೋರಿಸಿದಾಗ ಗೊತ್ತಾಯಿತು, ಸುಟ್ಟಿದ್ದು ಎಸ್‌ಎಂಪಿಎಸ್ ಒಂದೇ.

ಕರೆಂಟಿನ ಏಟು ಎಷ್ಟೋ ಸಲ ಎಸ್‌ಎಂಪಿಎಸ್‌ನಲ್ಲೇ ನಿಂತುಬಿಡುತ್ತದೆ. ಕೆಲವು ಸಲ ಬೋರ್ಡು, ಡಿಸ್ಕ್‌ಗೂ ತಗಲುತ್ತದೆ, ಸುಳ್ಳಲ್ಲ. ಆದರೆ ಯಾವುದು ಉಳಿದಿದೆ, ಯಾವುದು ಹೋಗಿದೆ ಅನ್ನುವುದು ಪರೀಕ್ಷೆ ಮಾಡಿದರಷ್ಟೇ ಗೊತ್ತಾಗುವ ವಿಷಯ. ಪರೀಕ್ಷೆ ಮಾಡದೆ 'ಎಲ್ಲಾ ಹೋಯ್ತು' ಅನ್ನುವ ಮಾತನ್ನು ನಾವು ಒಪ್ಪಬಾರದು.

ಎಸ್‌ಎಂಪಿಎಸ್ ಮಾಡುವ ಕೆಲಸ ಇಷ್ಟೇ: ಗೋಡೆಯಿಂದ ಬರುವ 230 ವೋಲ್ಟ್ ಕರೆಂಟನ್ನು 12, 5 ಮತ್ತು 3.3 ವೋಲ್ಟಿಗೆ ಇಳಿಸಿ ಒಳಗಿನ ಭಾಗಗಳಿಗೆ ಹಂಚುವುದು. ಅದು ಕೆಟ್ಟಾಗ ಮೊದಲು ಪ್ಲಗ್ ಕಿತ್ತುಬಿಡಿ. 'ನೋಡೋಣ' ಅಂತ ಮತ್ತೆ ಮತ್ತೆ ಸ್ವಿಚ್ ಹಾಕಬೇಡಿ. ಎಸ್‌ಎಂಪಿಎಸ್ ಡಬ್ಬಿಯನ್ನಂತೂ ನೀವೇ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ಕರೆಂಟು ಉಳಿದಿರಬಹುದು.

ರಿಪೇರಿಯವರ ಹತ್ತಿರ ನಿಂತು ಕೇಳಬೇಕಾದ್ದು ಹೀಗಿದೆ.

ಒಂದು, ಬೋರ್ಡಿನ ಮೇಲೆ ಸುಟ್ಟ ಗುರುತು, ತಲೆ ಉಬ್ಬಿದ ಕೆಪಾಸಿಟರ್ ಇದೆಯಾ? ಇದ್ದರೆ ನಿಮ್ಮ ಕಣ್ಣಿಗೇ ತೋರಿಸಲಿ.

ಎರಡು, ಎಸ್‌ಎಂಪಿಎಸ್‌ನ ಹಸಿರು ವೈರಿಗೆ ಕಪ್ಪು ವೈರು ಮುಟ್ಟಿಸಿ, ಫ್ಯಾನ್ ತಿರುಗಿತು, 'ಚೆನ್ನಾಗಿದೆ' ಅಂದರೆ ಸಾಲದು. ಮೀಟರ್ ಇಟ್ಟು ನೋಡಲಿ. ಸಾಮಾನ್ಯ ಎಸ್‌ಎಂಪಿಎಸ್‌ನಲ್ಲಿ ಹಳದಿ ವೈರು 11.4ರಿಂದ 12.6, ಕೆಂಪು ವೈರು 4.75ರಿಂದ 5.25 ವೋಲ್ಟ್ ಒಳಗೆ ಇರಬೇಕು.

ಮೂರು, ಚೆನ್ನಾಗಿರುವ ಬೇರೆ ಎಸ್‌ಎಂಪಿಎಸ್ ಹಾಕಿ, ಬೋರ್ಡು, ಪ್ರೊಸೆಸರ್, ಒಂದೇ ಒಂದು ರ‍್ಯಾಮ್ ಇಟ್ಟು ಆನ್ ಮಾಡಲಿ. ಪರದೆ ಬೆಳಗಿದರೆ ಅರ್ಧ ಗೆದ್ದ ಹಾಗೆ. ಆಮೇಲೆ ಒಂದೊಂದೇ ಭಾಗ ಸೇರಿಸುತ್ತಾ ಹೋಗಲಿ. ಎಲ್ಲವನ್ನೂ ಒಟ್ಟಿಗೆ ಜೋಡಿಸಿದರೆ ಕೆಟ್ಟದ್ದು ಯಾವುದೆಂದು ತಿಳಿಯುವುದೇ ಇಲ್ಲ.

ನಾಲ್ಕು, ಹಾರ್ಡ್ ಡಿಸ್ಕನ್ನು ಕೊನೆಗೆ ನೋಡಲಿ. ಬೇರೆ ಕಂಪ್ಯೂಟರಿಗೆ ಸೇರಿಸಿ, ಮೊದಲು ಫೈಲುಗಳನ್ನು ಕಾಪಿ ಮಾಡಿಕೊಳ್ಳಲಿ. ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಥರದ ಉಚಿತ ತಂತ್ರಾಂಶದಲ್ಲಿ ಡಿಸ್ಕಿನ ಆರೋಗ್ಯ ನೋಡಬಹುದು.

ಡಿಸ್ಕಿನ ವಿಷಯ ನಮ್ಮೊಬ್ಬರದ್ದಲ್ಲ. ಝೆರಾಕ್ಸ್ ಅಂಗಡಿಯ ಡಿಸ್ಕಿನಲ್ಲಿ ಊರಿನವರ ಆಧಾರ್, ಪಹಣಿ, ಮಕ್ಕಳ ಮಾರ್ಕ್ಸ್ ಕಾರ್ಡ್ ಎಲ್ಲಾ ಇರುತ್ತವೆ. ಕಂಪ್ಯೂಟರ್ ಬದಲಿಸಲೇಬೇಕಾಗಿ ಬಂದರೂ ಹಳೇ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ತೆಗೆದ ಪ್ರತಿ ಭಾಗವನ್ನೂ ವಾಪಸ್ ಕೇಳಿ, ಹಾಕಿದ ಭಾಗಕ್ಕೆ ಬಿಲ್ ಕೇಳಿ. ಬಿಲ್ ಇದ್ದರೆ, ಮೋಸವಾದಾಗ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ರಿಪೇರಿಯವರೆಲ್ಲ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಒಂದೊಂದೇ ಭಾಗ ನೋಡಲು ಹೊತ್ತು ಹಿಡಿಯುತ್ತದೆ. ಆ ಹೊತ್ತಿಗೆ ನ್ಯಾಯವಾದ ಕೂಲಿ ಕೊಡಲು ನಾವೂ ತಯಾರಿರಬೇಕು. ಬರೀ ನೋಡಿದ್ದಕ್ಕೆ ದುಡ್ಡು ಯಾಕೆ ಅಂತ ನಾವು ಜಗ್ಗಾಡಿದರೆ, ಅವರಿಗೆ ಹೊಸದನ್ನು ಮಾರುವುದೇ ಸುಲಭ.

ಇನ್ನು ಮೂಲದ ಮಾತು. ನಮ್ಮೂರುಗಳಲ್ಲಿ ಎಷ್ಟೋ ಮನೆ, ಅಂಗಡಿಗಳಿಗೆ ಸರಿಯಾದ ಅರ್ಥಿಂಗ್ ಇಲ್ಲ. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ ಸುಮ್ಮನೆ ಹೆಸರಿಗೆ. ಲೈನಿನಲ್ಲಿ ನ್ಯೂಟ್ರಲ್ ಕಿತ್ತುಹೋದರೆ 230 ಇರಬೇಕಾದ ಕಡೆ 400 ವೋಲ್ಟಿನ ಹತ್ತಿರ ಏರಬಹುದು. ಬಲ್ಬು ಒಮ್ಮೆಲೇ ಜಾಸ್ತಿ ಉರಿದರೆ ಮೇನ್ ಆಫ್ ಮಾಡಿ, 1912ಕ್ಕೆ ದೂರು ಕೊಡಿ. ಕರೆಂಟು ಹೋದಾಗ ಕಂಪ್ಯೂಟರಿನ ಪ್ಲಗ್ ತೆಗೆಯಿರಿ. ಬಂದ ಮೇಲೂ ಐದು ನಿಮಿಷ ಕಾದು ಹಾಕಿ.

ಚಿಕ್ಕಪ್ಪ ಈಗ ಅಂಗಡಿಯ ಹಿಂದೆ ಗುಂಡಿ ತೋಡಿ, ಇದ್ದಿಲು, ಉಪ್ಪು ಹಾಕಿ ಅರ್ಥಿಂಗ್ ಮಾಡಿಸಿದ್ದಾರೆ. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುವುದನ್ನೂ ಮರೆಯುವುದಿಲ್ಲ. ನಿಮ್ಮೂರಿನ ಶಾಲೆಯ ಕಂಪ್ಯೂಟರ್ ಕೋಣೆಗೆ ಅರ್ಥಿಂಗ್ ಇದೆಯಾ? ನಾಳೆ ಹೋಗಿ ಒಂದು ಮಾತು ಕೇಳಿ ಬನ್ನಿ.