ನೋವು ನಿಂತ ಹಲ್ಲು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಕಡೆ ಶಾಲೆಗಳ ಆಟದ ಬಯಲು ಅನೇಕ ಕಡೆ ಬರಿಯ ಗಟ್ಟಿನೆಲ. ಅಲ್ಲಲ್ಲಿ ಬಂಡೆಯೇ ತಲೆಯೆತ್ತಿರುವುದೂ ಉಂಟು. ಕಬಡ್ಡಿಯಲ್ಲಿ ಮುಗ್ಗರಿಸಿದ ಹುಡುಗನ ಮೇಲಿನ ಮುಂಬಲ್ಲಿಗೆ ಪೆಟ್ಟು ಬೀಳುತ್ತದೆ. ನಾಲ್ಕು ದಿನ ಮೆತ್ತನೆಯ ಅನ್ನ ಉಂಡರೆ ನೋವು ನಿಲ್ಲುತ್ತದೆ. ನೋವು ನಿಂತರೆ ವಾಸಿಯಾಯಿತೆಂದೇ ಮನೆಯವರೂ ಉಪಾಧ್ಯಾಯರೂ ಭಾವಿಸುತ್ತಾರೆ. ಈ ಭಾವನೆ ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನ ಮುಂಬಲ್ಲು ಬೂದುಬಣ್ಣಕ್ಕೆ ತಿರುಗಿದ್ದುದನ್ನು ಕಂಡು ವಿಚಾರಿಸಿದೆವು. ಎಂಟನೆಯ ವಯಸ್ಸಿನಲ್ಲಿ ಬಿದ್ದಿದ್ದನಂತೆ. ಆಮೇಲೆ ಎಂದೂ ನೋಯಲಿಲ್ಲವಂತೆ. ನೋಯುವುದಕ್ಕೆ ಅದರಲ್ಲಿ ಜೀವವಿದ್ದರಲ್ಲವೆ! ಮರುವರ್ಷ ಕಬ್ಬು ಕಚ್ಚುವಾಗ ಆ ಹಲ್ಲು ಬುಡದಲ್ಲಿಯೇ ಮುರಿಯಿತು.

ಕಾರಣ ಸರಳವಾದುದು. ಶಾಶ್ವತವಾದ ಮುಂಬಲ್ಲು ಏಳನೆಯ ವಯಸ್ಸಿನ ಸುಮಾರಿಗೆ ಹುಟ್ಟಿದರೂ ಅದರ ಬೇರು ಆಗಿನ್ನೂ ಅರೆಬೆಳೆದದ್ದು. ಗೋಡೆ ತೆಳು, ತುದಿ ಆಲಿಕೆಯಂತೆ ಅಗಲ. ಒಳಗಿನ ತಿರುಳು ಇನ್ನೂ ಸುಮಾರು ಮೂರು ವರ್ಷ ಡೆಂಟೀನನ್ನು ಪದರಪದರವಾಗಿ ಕಟ್ಟಿ ಬೇರನ್ನು ಪೂರ್ತಿಗೊಳಿಸಬೇಕು. ಪೆಟ್ಟಿನಿಂದ ತುದಿಯ ರಕ್ತನಾಳಗಳು ಹರಿದು ತಿರುಳು ಸತ್ತರೆ ಕಟ್ಟಡ ಅಲ್ಲಿಗೇ ನಿಂತಿತು. ತೆಳುಗೋಡೆಯ ಕೊಳವೆ ಬಾಗಿಸುವ ಬಲವನ್ನು ಎಷ್ಟು ತಡೆದೀತೆಂಬುದನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ.

ತಿರುಳು ಎಲ್ಲ ಸಲವೂ ಸಾಯುವುದಿಲ್ಲ. ಅಗಲವಾದ ತುದಿಯ ಮೂಲಕ ಹೊಸ ನಾಳಗಳು ಒಳಹೊಕ್ಕು ಅದನ್ನು ಉಳಿಸುವುದೂ ಉಂಟು. ಈ ಅವಕಾಶವನ್ನು ಕೆಡಿಸುವವು ಬ್ಯಾಕ್ಟೀರಿಯಗಳು. ಪೆಟ್ಟಿನಿಂದ ಎನಾಮಲ್ಲಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಬೀಳುತ್ತವೆ. ಅದರ ಕೆಳಗಿನ ಡೆಂಟೀನಿನಲ್ಲಿ ಒಂದೆರಡು ಮೈಕ್ರಾನ್ ವ್ಯಾಸದ ಅಸಂಖ್ಯಾತ ನಳಿಗೆಗಳಿವೆ. ಒಂದು ಮೈಕ್ರಾನಿಗಿಂತ ಚಿಕ್ಕದಾದ ಬ್ಯಾಕ್ಟೀರಿಯಕ್ಕೆ ಇದು ರಾಜಮಾರ್ಗವೇ ಸರಿ. 1965ರಲ್ಲಿ ಅಮೆರಿಕದ ಕಾಕೆಹಾಶಿ ಮತ್ತು ಸಂಗಡಿಗರು ಇಲಿಗಳ ಹಲ್ಲು ಕೊರೆದು ತಿರುಳನ್ನು ತೆರೆದಿಟ್ಟರು. ಸಾಧಾರಣ ಇಲಿಗಳಲ್ಲಿ ತಿರುಳು ಕೊಳೆಯಿತು. ಸೂಕ್ಷ್ಮಾಣುರಹಿತವಾಗಿ ಬೆಳೆಸಿದ ಇಲಿಗಳಲ್ಲಿ ಗಾಯ ತಾನಾಗಿ ಮುಚ್ಚಿಕೊಂಡಿತು. 1976ರಲ್ಲಿ ಸ್ವೀಡನ್ನಿನ ಸುಂಡ್‌ಕ್ವಿಸ್ಟ್, ಪೆಟ್ಟಿನಿಂದ ತಿರುಳು ಸತ್ತು ಹೊರಗೆ ಇಡಿಯಾಗಿಯೇ ಇದ್ದ ಹಲ್ಲುಗಳನ್ನು ಪರೀಕ್ಷಿಸಿದರು. ಬೇರಿನ ತುದಿಯ ಮೂಳೆ ಕರಗಿದ್ದ 19 ಹಲ್ಲುಗಳಲ್ಲಿ 18ರೊಳಗೆ ಬ್ಯಾಕ್ಟೀರಿಯಗಳಿದ್ದವು. ಅವುಗಳಲ್ಲಿ ಹೆಚ್ಚಿನವು ಆಮ್ಲಜನಕ ಬೇಡದ ಜಾತಿಯವು. ರಕ್ತ ಹರಿಯದ ಕೊಳವೆಯಲ್ಲಿ ಅವು ಸುಖವಾಗಿರುವುದರಲ್ಲಿ ಆಶ್ಚರ್ಯವೇನು?

ಚಿಕಿತ್ಸೆ ಇಲ್ಲದಿಲ್ಲ. ಬ್ಯಾಕ್ಟೀರಿಯವನ್ನು ಕೊಲ್ಲಲು ವೈದ್ಯರು ಬೇರಿನೊಳಗೆ ತುಂಬುವ ಕ್ಯಾಲ್ಸಿಯಂ ಹೈಡ್ರಾಕ್ಸೈಡು ನಮ್ಮ ಎಲೆಯಡಿಕೆಯ ಸುಣ್ಣವೇ, ಶುದ್ಧರೂಪದಲ್ಲಿ. (ಮನೆಯ ಸುಣ್ಣವನ್ನು ಯಾರೂ ಹಲ್ಲಿಗೆ ಹಚ್ಚತಕ್ಕದ್ದಲ್ಲ, ಬಾಯಿ ಸುಟ್ಟೀತು.) ತೆರೆದ ತುದಿಯನ್ನು ಮುಚ್ಚುವುದಕ್ಕೆ ಕಟ್ಟಡದ ಸಿಮೆಂಟಿನ ಸಂಬಂಧಿಯೊಂದು ಬಳಕೆಗೆ ಬಂದಿದೆ. ಆದರೆ ಇವುಗಳಿಂದ ತೆಳುಗೋಡೆ ದಪ್ಪವಾಗುವುದಿಲ್ಲ. ತಿರುಳು ಬದುಕಿರುವಾಗಲೇ ವೈದ್ಯರನ್ನು ಕಾಣುವುದು ಲೇಸು. ತಿರುಳು ಹೊರಗೆ ಕಾಣುವಂತೆ ಮುರಿದ ಹಲ್ಲುಗಳಲ್ಲಿಯೂ ಅದರ ಮೇಲ್ಭಾಗವನ್ನಷ್ಟೇ ತೆಗೆದು ಉಳಿದುದನ್ನು ಉಳಿಸಬಹುದೆಂದು 1978ರಲ್ಲಿ ಸ್ವೆಕ್ ತೋರಿಸಿದರು. 60 ಹಲ್ಲುಗಳಲ್ಲಿ 58 ಗುಣವಾದವು.

ರೇಷ್ಮೆಗೂಡಿನ ಕೆಲಸವನ್ನೋ ದಿನಗೂಲಿಯನ್ನೋ ಬಿಟ್ಟು, ನೋಯದ ಹಲ್ಲಿಗಾಗಿ ಆಸ್ಪತ್ರೆಗೆ ಹೋಗೆಂದರೆ ತಂದೆತಾಯಿಗಳು ಒಪ್ಪಲಾರರು. ಅವರನ್ನು ದೂರುವಂತೆಯೂ ಇಲ್ಲ. ಆದುದರಿಂದ ಈ ಕೆಲಸ ಶಾಲೆಯಿಂದ ಮೊದಲಾಗಬೇಕೆಂದು ನಾವು ವಾದಿಸುತ್ತೇವೆ. ಮಗುವಿನ ಹಲ್ಲಿಗೆ ಪೆಟ್ಟಾದ ದಿನಾಂಕವನ್ನು ವ್ಯಾಯಾಮದ ಉಪಾಧ್ಯಾಯರು ಪುಸ್ತಕದಲ್ಲಿ ಬರೆದಿಡಲಿ. ಆ ವಾರದಲ್ಲಿಯೇ ಒಮ್ಮೆ, ಮೂರು ತಿಂಗಳಿಗೆ ಇನ್ನೊಮ್ಮೆ, ವರ್ಷಕ್ಕೆ ಮತ್ತೊಮ್ಮೆ ದಂತವೈದ್ಯರು ಕ್ಷ-ಕಿರಣದ ಚಿತ್ರ ತೆಗೆದು, ಬೇರು ಬೆಳೆಯುತ್ತಿದೆಯೇ ನಿಂತಿದೆಯೇ ಎಂದು ಪಕ್ಕದ ಹಲ್ಲಿನೊಡನೆ ಹೋಲಿಸಿ ನೋಡಲಿ.