ಹಾಲಿನ ಊರಿನಲ್ಲಿ ಮೂಳೆ ಸವೆದ ಗೋಸುಂಬೆ

ಪುಣೆಯಲ್ಲಿ ಕಾತ್ರಜ ಎಂದರೆ ಮೊದಲು ನೆನಪಾಗುವುದು ಹಾಲು. ಜಿಲ್ಲಾ ಸಹಕಾರಿ ಹಾಲು ಒಕ್ಕೂಟದ ಡೇರಿ ಇರುವುದು ಇಲ್ಲೇ. ಬೆಂಗಳೂರಿನಲ್ಲಿ ನಾವು ನಂದಿನಿ ಎಂದು ಕೇಳಿ ಪಡೆಯುವಂತೆ ಇಲ್ಲಿನವರು ಅಂಗಡಿಯಲ್ಲಿ ‘ಕಾತ್ರಜ್’ ಎನ್ನುತ್ತಾರೆ. ಎರಡನೆಯದಾಗಿ ನೆನಪಾಗುವುದು ಹಾವು. 1986ರಲ್ಲಿ ಶುರುವಾದ ಇಲ್ಲಿನ ಸರ್ಪೋದ್ಯಾನ ಈಗ ರಾಜೀವ್ ಗಾಂಧಿ ಪ್ರಾಣಿ ಉದ್ಯಾನದ ಭಾಗ. ಇಂಥ ಊರಿನಲ್ಲಿ ಕ್ಯಾಲ್ಸಿಯಂ ಕೊರತೆಯಿಂದ ಕಾಲು ಸೊಟ್ಟಗಾದ ಗೋಸುಂಬೆಯೊಂದನ್ನು ಹತ್ತು ತಿಂಗಳಿಂದ ನೋಡಿಕೊಳ್ಳುತ್ತಿದ್ದೇನೆ. ಅದರಿಂದ ನನಗೆ ಖಾತ್ರಿಯಾದ ಮಾತು ಒಂದೇ. ಈ ಕಾಯಿಲೆ ಔಷಧಕ್ಕಿಂತ ಹೆಚ್ಚಾಗಿ ಬೆಳಕಿಗೆ ಸಂಬಂಧಿಸಿದ್ದು. ಬೇಕಾದ ಬೆಳಕು ಒದಗಿಸಲಾಗದ ಬಾಡಿಗೆ ಮನೆಯಲ್ಲಿ ಗೋಸುಂಬೆ ಸಾಕಬಾರದು.

ಇದು ನಮ್ಮ ಹೊಲದ ಬೇಲಿಯ ಗೋಸುಂಬೆಯಲ್ಲ. ಯೆಮನ್ ಮತ್ತು ಸೌದಿ ಅರೇಬಿಯಾ ಮೂಲದ ‘ವೇಲ್ಡ್ ಕಮೇಲಿಯನ್’. ನಮ್ಮ ಕಟ್ಟಡದಲ್ಲೇ ಇದ್ದ ಒಬ್ಬ ಎಂಜಿನಿಯರ್ ಆನ್‌ಸೈಟ್ ಕೆಲಸಕ್ಕೆ ಹೊರದೇಶಕ್ಕೆ ಹೋಗುವಾಗ, ನೋಂದಣಿಯ ಕಾಗದಪತ್ರ ನನ್ನ ಹೆಸರಿಗೆ ಮಾಡಿಸಿ ಕೊಟ್ಟುಹೋದರು. ಮಾರಿದ ಅಂಗಡಿಯವರು ಅವರಿಗೆ ಗಾಜಿನ ಪೆಟ್ಟಿಗೆಯನ್ನೂ ಸಾಮಾನ್ಯ ಎಲ್‌ಇಡಿ ಬಲ್ಬನ್ನೂ ಕೊಟ್ಟು ‘ಇಷ್ಟೇ ಸಾಕು’ ಎಂದಿದ್ದರಂತೆ. ನನ್ನ ಕೈಗೆ ಬಂದಾಗ ಅದರ ಮುಂಗಾಲು ಬಿಲ್ಲಿನಂತೆ ಬಾಗಿತ್ತು, ಕೊಂಬೆಯ ಹಿಡಿತ ಸಡಿಲವಾಗಿತ್ತು. ಹುಳಕ್ಕೆ ಗುರಿಯಿಟ್ಟು ಚಾಚಿದ ನಾಲಗೆ ಅರ್ಧ ದಾರಿಯಲ್ಲೇ ನಿಲ್ಲುತ್ತಿತ್ತು. ಪಶುವೈದ್ಯರು ಎಕ್ಸ್‌ರೇ ತೆಗೆಸಿದರು. ಬೆಳ್ಳಗೆ ಕಾಣಬೇಕಿದ್ದ ಮೂಳೆಗಳು ಅದರಲ್ಲಿ ಮಸುಕಾಗಿದ್ದವು.

ಪಕ್ಕದ ಮನೆಯ ಆಜಿ ಕನಿಕರದಿಂದ, ‘ರೋಜ್ ಥೋಡಂ ದೂಧ್ ದ್ಯಾ’ ಎಂದರು. ದಿನಾ ಸ್ವಲ್ಪ ಹಾಲು ಕೊಡಿ ಎಂದು. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ನಮಗೂ ಮೊದಲು ಹೊಳೆಯುವ ಉಪಾಯ ಅದೇ. ಆದರೆ ಹಾಲು ಸಸ್ತನಿಗಳ ಆಹಾರ. ಹಾವಿಗಾಗಲಿ ಗೋಸುಂಬೆಗಾಗಲಿ ಅದು ಹೊಂದುವುದಿಲ್ಲ. ಇನ್ನೊಬ್ಬರು ಮಾತ್ರೆ ಪುಡಿ ಮಾಡಿ ತಿನ್ನಿಸಿ ಎಂದರು. ಅದೂ ಪೂರ್ತಿ ಉತ್ತರವಲ್ಲ.

ಯಾಕೆಂದರೆ ಕ್ಯಾಲ್ಸಿಯಂ ಹೊಟ್ಟೆ ಸೇರಿದರೆ ಸಾಲದು, ಅಲ್ಲಿಂದ ರಕ್ತಕ್ಕೆ ಸೇರಬೇಕು. ಅದಕ್ಕೆ ವಿಟಮಿನ್ ಡಿ3 ಬೇಕು. ಬಿಸಿಲಿನಲ್ಲಿರುವ ಯುವಿಬಿ ಎಂಬ ಅತಿನೇರಳೆ ಕಿರಣ ಬಿದ್ದಾಗ ಚರ್ಮದಲ್ಲಿ ಡಿ3 ತಯಾರಾಗುವ ಕೆಲಸ ಶುರುವಾಗುತ್ತದೆ, ಮೈಯ ಕಾವು ಅದನ್ನು ಪೂರ್ತಿ ಮಾಡುತ್ತದೆ. ಕಿಟಕಿಯ ಗಾಜು ಬೆಳಕನ್ನೂ ಬಿಸಿಯನ್ನೂ ಒಳಗೆ ಬಿಡುತ್ತದೆ, ಯುವಿಬಿಯನ್ನು ಮಾತ್ರ ಬಹುಮಟ್ಟಿಗೆ ತಡೆಯುತ್ತದೆ. ಎಲ್‌ಇಡಿ ಬಲ್ಬಿನಲ್ಲಿ ಅದು ಇರುವುದೇ ಇಲ್ಲ. ಹೀಗಾಗಿ ನಮ್ಮ ಕಣ್ಣಿಗೆ ಝಗಮಗಿಸುವ ಪೆಟ್ಟಿಗೆ ಅದರ ಮೂಳೆಯ ಪಾಲಿಗೆ ಕತ್ತಲ ಕೋಣೆ.

ಆಹಾರದ ಲೆಕ್ಕವೂ ಹೀಗೆಯೇ ತಪ್ಪುತ್ತದೆ. ಸಾಕಿದ ಜೀರುಂಡೆ, ಹುಳುಗಳಲ್ಲಿ ಕ್ಯಾಲ್ಸಿಯಂಗಿಂತ ರಂಜಕವೇ ಹೆಚ್ಚು. ಗೋಸುಂಬೆಗೆ ಬೇಕಿರುವುದು ಸುಮಾರು ಎರಡು ಪಾಲು ಕ್ಯಾಲ್ಸಿಯಂ, ಒಂದು ಪಾಲು ರಂಜಕ. ಅದಕ್ಕೇ ಹುಳುಗಳಿಗೆ ಮೊದಲು ಸೊಪ್ಪು ತಿನ್ನಿಸಿ, ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಕೊಡಬೇಕು. ಹಾಗೆಂದು ಡಿ3 ಪುಡಿಯನ್ನು ಧಾರಾಳವಾಗಿ ಸುರಿಯುವಂತಿಲ್ಲ, ಅತಿಯಾದರೆ ಅದೂ ವಿಷ.

ಕೊರತೆಯಾದಾಗ ದೇಹ ಮಾಡುವ ಕೆಲಸ ನಮ್ಮಂಥ ಸಂಬಳದಾರರಿಗೆ ಬೇಗ ಅರ್ಥವಾಗುತ್ತದೆ. ಮನೆಖರ್ಚು ತೂಗದಾಗ ಪಿಎಫ್ ಹಣಕ್ಕೆ ಕೈಹಾಕಿದಂತೆ ಅದು ಮೂಳೆಯಿಂದ ಕ್ಯಾಲ್ಸಿಯಂ ತೆಗೆದು ರಕ್ತಕ್ಕೆ ತುಂಬುತ್ತದೆ. ಹೃದಯಕ್ಕೂ ಸ್ನಾಯುಗಳಿಗೂ ಅದು ಕ್ಷಣ ಬಿಡದೆ ಬೇಕು. ಹಾಗಾಗಿ ಕೆಲವು ಕಾಲ ಎಲ್ಲವೂ ಸರಿಯಿದ್ದಂತೆಯೇ ಕಾಣುತ್ತದೆ. ಕಾಲು ಬಾಗುವ ಹೊತ್ತಿಗೆ ಉಳಿತಾಯ ಬಹಳಷ್ಟು ಕರಗಿರುತ್ತದೆ. ನಾಯಿಯಾದರೆ ಕುಯ್‌ಗುಡುತ್ತದೆ, ಬೆಕ್ಕು ಊಟ ಬಿಟ್ಟು ಮೂಲೆ ಸೇರುತ್ತದೆ. ಗೋಸುಂಬೆ ಮಾತ್ರ ಬೇಟೆಗಾರನ ಕಣ್ಣಿಗೆ ಬೀಳದಿರಲು ನೋವನ್ನೂ ಅಡಗಿಸಿಡುವ ಪ್ರಾಣಿ.

ಈಗ ಅದು ಜಾಲರಿಯ ಗೂಡಿನಲ್ಲಿದೆ. ಮೇಲೆ ಯುವಿಬಿ ಟ್ಯೂಬ್ ಇದೆ. ಅದನ್ನು ಹಾಕಿದ ತಾರೀಖನ್ನು ಅದರ ಮೇಲೇ ಬರೆದಿದ್ದೇನೆ, ಯಾಕೆಂದರೆ ಆರು ತಿಂಗಳಿಂದ ಒಂದು ವರ್ಷದೊಳಗೆ ಟ್ಯೂಬ್ ಉರಿಯುತ್ತಲೇ ಇದ್ದರೂ ಅದರ ಯುವಿಬಿ ಇಳಿದುಹೋಗುತ್ತದೆ. ಮಳೆಗಾಲದಲ್ಲಿ ಕಾತ್ರಜದ ಆಕಾಶ ವಾರಗಟ್ಟಲೆ ತೆರೆಯುವುದಿಲ್ಲ, ಆಗ ಟ್ಯೂಬೇ ಗತಿ. ಉಳಿದ ದಿನ ಬೆಳಗಿನ ಬಿಸಿಲಿಗೆ ಗೂಡನ್ನು ಬಾಲ್ಕನಿಗೆ ತರುತ್ತೇನೆ, ಅರ್ಧ ಭಾಗಕ್ಕೆ ಎಲೆಯ ನೆರಳು ಬಿಟ್ಟು. ಎಷ್ಟು ಬಿಸಿಲು ಬೇಕೆಂಬುದನ್ನು ಅದಕ್ಕೇ ಬಿಡುವುದು ಲೇಸು. ಪ್ಯಾಂಥರ್ ಕಮೇಲಿಯನ್‌ಗಳ ಮೇಲೆ ಅಮೆರಿಕದ ವಿಜ್ಞಾನಿಗಳು ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಹಾರದಲ್ಲಿ ಡಿ3 ಕಡಿಮೆಯಿದ್ದ ಪ್ರಾಣಿಗಳು ತಾವಾಗಿಯೇ ಹೆಚ್ಚು ಯುವಿ ಬೆಳಕಿಗೆ ಮೈಯೊಡ್ಡಿದ್ದವು, ಹೆಚ್ಚಿದ್ದವು ನೆರಳಿಗೆ ಸರಿದಿದ್ದವು. ಬಿಸಿಲು, ನೆರಳು ಎರಡೂ ಇದ್ದರೆ ತನ್ನ ವೈದ್ಯ ತಾನೇ.

ನನ್ನ ಗೋಸುಂಬೆಯ ಹಿಡಿತ ಈಗ ಬಿಗಿಯಾಗಿದೆ, ನಾಲಗೆ ಗುರಿ ಮುಟ್ಟುತ್ತದೆ. ಬಾಗಿದ ಕಾಲು ಮಾತ್ರ ಹಾಗೆಯೇ ಗಟ್ಟಿಯಾಗಿದೆ. ಅದು ನೇರವಾಗುವುದಿಲ್ಲ ಎಂದು ವೈದ್ಯರು ಮೊದಲ ದಿನವೇ ಹೇಳಿದ್ದರು.

ಸರಿಯಾದ ದೀಪ, ಸರಿಯಾದ ಆಹಾರ ಕೊಟ್ಟು ಚೆನ್ನಾಗಿ ಸಾಕುವವರು ಇದ್ದಾರಲ್ಲ ಎಂದು ಕೆಲವರು ವಾದಿಸಬಹುದು. ಇದ್ದಾರೆ, ಅವರ ಶ್ರದ್ಧೆಗೆ ಗೌರವವಿದೆ. ನನ್ನ ಮಾತು ನಮ್ಮಂಥವರನ್ನು ಕುರಿತದ್ದು. ಹನ್ನೊಂದು ತಿಂಗಳ ಕರಾರಿನ ಮನೆಯಲ್ಲಿದ್ದೇವೆ. ಯುಗಾದಿಗೆ, ದಸರೆಗೆ ಊರಿನ ಬಸ್ಸು ಹತ್ತುತ್ತೇವೆ. ಆನ್‌ಸೈಟ್ ಎಂದರೆ ಹದಿನೈದು ದಿನದಲ್ಲಿ ಹೊರಡುತ್ತೇವೆ. ಒಂಟಿತನಕ್ಕೆ ಜೊತೆ ಬೇಕೆನ್ನಿಸುವುದು ಸಹಜ. ಬೊಗಳದ, ಮಾಲೀಕರ ತಕರಾರಿಗೆ ಸಿಗದ ಪ್ರಾಣಿ ಎಂದು ಗೋಸುಂಬೆಯನ್ನು ಆರಿಸಿಕೊಳ್ಳುತ್ತೇವೆ. ಆದರೆ ಸದ್ದು ಮಾಡದ ಪ್ರಾಣಿಗೆ ಆರೈಕೆ ಕಡಿಮೆ ಸಾಕು ಎಂದು ಅರ್ಥವಲ್ಲ. ಮುಟ್ಟಿ ಮುದ್ದಿಸಿದರೆ ಅದಕ್ಕೆ ಹಿತವೂ ಅಲ್ಲ. ನಮ್ಮ ಒಂಟಿತನಕ್ಕೆ ಅದು ಜೊತೆಯಾಗಲಾರದು.

ಕಾನೂನೂ ಬದಲಾಗಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ‘ಪರಿವೇಶ್’ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಕೈ ಬದಲಾದರೆ ತಿಳಿಸಬೇಕು. ನಮ್ಮ ನಾಡಿನ ಗೋಸುಂಬೆಯನ್ನಂತೂ ಹಿಡಿಯುವುದೂ ಸಾಕುವುದೂ ಅಪರಾಧ. ಕಾತ್ರಜ ಘಾಟಿನ ರಸ್ತೆಯಲ್ಲಿ ಗಾಯಗೊಂಡದ್ದು ಕಂಡರೆ ಮಕ್ಕಳಿಗೆ ತೋರಿಸಲೆಂದು ಡಬ್ಬಿಯಲ್ಲಿ ಮನೆಗೆ ತರಬೇಡಿ. ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ.

‘ಓತಿಕ್ಯಾತಕ್ಕೆ ಬೇಲಿ ಸಾಕ್ಷಿ’ ಎನ್ನುತ್ತೇವೆ ನಾವು. ಸರಡ್ಯಾಚಿ ಧಾವ್ ಕುಂಪಣಾಪರ್ಯಂತ್, ಅಂದರೆ ಓತಿಯ ಓಟ ಬೇಲಿಯವರೆಗೆ ಎನ್ನುತ್ತಾರೆ ಮರಾಠಿಗರು. ಎರಡು ಭಾಷೆಯ ಹಿರಿಯರೂ ಈ ಕುಲವನ್ನು ಕಂಡದ್ದು ಬಿಸಿಲು ಬೀಳುವ ಬೇಲಿಯ ಮೇಲೆ. ಕೊಳ್ಳುವ ಆಸೆಯಾದರೆ ಬೆಲೆ ಕೇಳುವ ಮೊದಲು ನಿಮ್ಮ ಮನೆಯಲ್ಲಿ ಆ ಬಿಸಿಲು ಎಲ್ಲಿ ಬೀಳುತ್ತದೆ ನೋಡಿಕೊಳ್ಳಿ. ನೀವು ಊರಿಗೆ ಹೋದಾಗ ಹುಳುವಿಗೆ ಪುಡಿ ಹಚ್ಚುವವರು ಯಾರೆಂದು ಹೆಸರು ಹಿಡಿದು ಹೇಳಿಕೊಳ್ಳಿ. ಉತ್ತರ ಸಿಗದಿದ್ದರೆ ಅಂಗಡಿಯ ಮೆಟ್ಟಿಲು ಹತ್ತಬೇಡಿ.